ಮೂವತ್ತೊಂದನೆಯ ಡಬ್ಬಿ

ಪ್ಯಾಸೆಂಜರ್ ಗಾಡಿ ಕೋರಮಂಡಲ್ ಬಿಟ್ಟು ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ಮಗ್ಗುಲಿಗೆ ಹೊರಳಿಕೊಂಡಾಗ, ಏಳು ವರ್ಷದಿಂದ ತಾನು ಹೊತ್ತು ತಿರುಗುತ್ತಿರುವ ಈ ಡಬ್ಬಿಗಳ ಒಳಗೆ ನಿಜವಾಗಿ ಏನಾದರೂ ಇದೆಯೇ ಎಂಬ ಪ್ರಶ್ನೆ ಗಂಗರತ್ನಮ್ಮನಿಗೆ ಮೊದಲ ಸಲ ಬಂತು. ಪ್ರತಿ ಶುಕ್ರವಾರ ಅದೇ ಗಾಡಿ, ಅದೇ ಕಿಟಕಿ, ತೊಡೆಯ ಮೇಲೆ ಅದೇ ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ತಟ್ಟೆಯಷ್ಟಗಲದ, ದುಂಡನೆಯ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದರಲ್ಲೂ ಒಂದೊಂದು ಟೇಪಿನ ಸುರುಳಿ. ಕೋರಮಂಡಲ್ ಆಫೀಸಿನ ಕಂಪ್ಯೂಟರು ವಾರವೆಲ್ಲ ಕೂಡಿಸಿಟ್ಟುಕೊಂಡದ್ದನ್ನು ಗುರುವಾರ ಈ ಸುರುಳಿಗಳಿಗೆ ನಕಲು ಮಾಡುತ್ತಾರೆ. ಅಲ್ಲಿ ಬೆಂಕಿ ಬಿದ್ದರೂ ನೀರು ನುಗ್ಗಿದರೂ ನಕಲು ಉಳಿಯಲಿ ಎಂದು ಅವಳು ಅದನ್ನು ಬಂಗಾರಪೇಟೆಗೆ ಒಯ್ದು, ಸ್ಟೇಷನ್ ರಸ್ತೆಯ ಹಳೆಯ ಬೀಜದ ಗೋದಾಮಿನ ಹಿಂದಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ವಾಪಸ್ಸು ಬರುವಾಗ ಅವಧಿ ಮುಗಿದ ಡಬ್ಬಿಗಳನ್ನು ತರುತ್ತಾಳೆ. ಹೊತ್ತದ್ದು, ಇಟ್ಟದ್ದು, ತಂದದ್ದು. ಒಂದು ಡಬ್ಬಿಯನ್ನಾದರೂ ವಾಪಸ್ಸು ಯಂತ್ರಕ್ಕೆ ಹಾಕಿ, ಒಳಗೆ ಇಟ್ಟದ್ದು ಇದೆಯೋ ಇಲ್ಲವೋ ಎಂದು ನೋಡಿದವರು ಯಾರೂ ಇಲ್ಲ. ಅವಳೂ ಇಲ್ಲ. ಇದು ಹೊಳೆದ ಕೂಡಲೇ ನಗು ಬರುವಂತಾಯಿತು. ಎದುರು ಸೀಟಿನಲ್ಲಿ ಕುಳಿತಿದ್ದ ಮುದುಕಿ ಆಗಿನಿಂದ ಪೆಟ್ಟಿಗೆಯನ್ನೇ ನೋಡುತ್ತಿದ್ದವಳು, ಕೊನೆಗೆ ಕೇಳಿಯೇಬಿಟ್ಟಳು.

"ಏನಮ್ಮ ಅದ್ರಾಗೆ? ಕೇಕಾ?"

"ಅಲ್ಲಜ್ಜಿ. ಲೆಕ್ಕ. ಗಣಿಯೋರ ಉಸಿರಿನ ಲೆಕ್ಕ."

ಹೇಳಿದ ಮೇಲೆ, ಅದು ಎಂಥ ಮಾತಾಯಿತು ಅನ್ನಿಸಿತು. ಆದರೆ ಸುಳ್ಳೇನೂ ಅಲ್ಲ. ಜನ ಅವರ ಆಫೀಸನ್ನು ಕರೆಯುವುದೇ ಉಸಿರಿನ ಸರ್ವೆ ಆಫೀಸು ಎಂದು. ನೆಲದ ಕೆಳಗೆ ಕಲ್ಲು ಕೊರೆಯುವವರ ಎದೆಯಲ್ಲಿ ಧೂಳು ಎಷ್ಟು ಕೂತಿದೆ, ಅವರು ಎಷ್ಟು ಗಾಳಿ ಒಳಗೆಳೆದು ಎಷ್ಟು ಹೊರಗೆ ಹಾಕಬಲ್ಲರು ಎಂದು ಅಳೆದು ಬರೆದಿಡುವ ಆಫೀಸು. ಮುದುಕಿ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನು ನೋಡಿ, ಮೊಣಕಾಲುಗಳನ್ನು ಅದರಿಂದ ದೂರ ಎಳೆದುಕೊಂಡಳು.

ನಿನ್ನೆ ಕನಕಮ್ಮ ಬಂದಿರದಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಕುಳಿತಿದ್ದಾಗ ಹೊರಗೆ ಮೆಟ್ಟಿಲ ಮೇಲೆ ಯಾರೋ ಕೂತಂತಾಯಿತು. ಐವತ್ತರ ಆಸುಪಾಸಿನ ಹೆಂಗಸು, ಬರಿಗೊರಳು, ಕೈಯಲ್ಲಿ ಬಟ್ಟೆಯ ಚೀಲ. ಗಂಡ ಆರುಮುಗಂ ಮೂವತ್ತು ವರ್ಷ ಕೆಳಗಿಳಿದವನು, ಹೋದ ವರ್ಷ ತೀರಿಕೊಂಡ ಎಂದು ಕನ್ನಡವನ್ನೂ ತಮಿಳನ್ನೂ ಕಲಸಿ ಹೇಳಿದಳು. ಎಂಬತ್ತೊಂದರಲ್ಲಿ ಗಣಿ ಗೇಟಿನ ಶೆಡ್ಡಿನಲ್ಲಿ ಎಲ್ಲರ ಬಾಯಿಗೂ ಕೊಳವೆ ಇಟ್ಟು ಊದಿಸಿದರಲ್ಲ, ಅವನನ್ನೂ ಊದಿಸಿದರಲ್ಲ, ಅದರಲ್ಲಿ ಏನು ಬಂದಿತ್ತು?

ಒಳಗಿನಿಂದ ಸೂಪರ್‌ವೈಸರ್ ಜಯರಾಮಪ್ಪ ಕನ್ನಡಕ ಮೇಲೆತ್ತಿ, "ಅದೆಲ್ಲ ಆಫೀಸಿನ ದಾಖಲೆ ಕಣಮ್ಮ. ಕೇಳಿದೋರಿಗೆಲ್ಲ ಕಾಗದ ಕೊಡೋಕೆ ಬರಲ್ಲ," ಎಂದರು.

"ಕಾಗ್ದ ಯಾರಿಗೆ ಬೇಕು ಸಾರ್? ಒಂದು ಮಾತು ಏಳಿದ್ರೆ ಸಾಕು. ಅವ್ರು ಮೇಸ್ತ್ರಿ ಮುಂದೆ ಮೂಚ್ಚು ಕಟ್ಟುತ್ತೆ, ಉಸಿರಾಡೋಕಾಗಲ್ಲ ಅಂತ ಕೂತ್ಕೊಂಡ್ರೆ, ನಡಿಪ್ಪು ಮಾಡ್ತಾನೆ, ಇವನು ಪಕ್ಕಾ ನಟ ಅಂತ ಎಲ್ರೂ ನಗೋರು. ಮೇಸ್ತ್ರಿ ಎಲ್ರ ಮುಂದೆ ಸಲಾಮ್ ಒಡ್ದು ಬಾಪ್ಪಾ ರಾಜಾ ಅನ್ನೋನು. ನಾನೂ ಅಂದಿದೀನಿ, ಮನೆಯಾಗೆ. ಬೊಗಸೆ ನೀರು ಕೇಳಿದ್ರೆ ನಡಿಪ್ಪು ಬಿಟ್ಟು ಎದ್ದು ತಗೋ ಅಂದಿದೀನಿ. ನಿಮ್ಮ ಮಿಷಿನ್ನು ಸುಳ್ಳು ಏಳಲ್ಲ ಅಂತಾರೆ. ನಡಿಪ್ಪಾ, ನಿಜವಾ? ಅಷ್ಟೇ ಏಳಿ, ಓಗ್ತೀನಿ."

ಜಯರಾಮಪ್ಪ ಕನ್ನಡಕ ಇಳಿಸಿಕೊಂಡರು. ಎಂಬತ್ತೊಂದರ ಹಾಳೆಗಳಿಗೆ ಗೆದ್ದಲು ಹಿಡಿದು, ಅವನ್ನು ಸುಟ್ಟು ಹಾಕಿದ್ದರು, ಕೋರಮಂಡಲ್‌ನ ಮೂಲ ಟೇಪುಗಳ ಮೇಲೆ ಎರಡೆರಡು ಸಲ ಬೇರೆ ಏನೇನೋ ಬರೆದಾಗಿತ್ತು. ಉಳಿದದ್ದು ಬಂಗಾರಪೇಟೆಯ ಬೀರುವಿನ ನಕಲು ಮಾತ್ರ. ಅದಕ್ಕೂ ಈ ತಿಂಗಳಿಗೆ ಏಳು ವರ್ಷ ತುಂಬುತ್ತಿತ್ತು. ಹೊಸ ಟೇಪು ಕೊಳ್ಳಬಾರದು, ಏಳು ವರ್ಷವಾದದ್ದನ್ನು ಖಾಲಿ ಎಂದು ಗುರುತು ಮಾಡಿ ಮತ್ತೆ ಬಳಸಬೇಕು ಎಂದು ಮೇಲಿನವರ ಆದೇಶ. ಹದಿನಾಲ್ಕು ಡಬ್ಬಿಗಳ ಪಟ್ಟಿ ಗಂಗರತ್ನಮ್ಮನ ಬ್ಯಾಗಿನಲ್ಲೇ ಇತ್ತು. ನಾಳೆ ತಂದು, ಶನಿವಾರ ಅವುಗಳ ಮೇಲೆ ಹೊಸದು ಬರೆಯಬೇಕು. ಇದನ್ನೆಲ್ಲ ಅವಳು ಆ ಹೆಂಗಸಿಗೆ ಹೇಳಲಿಲ್ಲ. "ನೋಡ್ತೀನಿ, ಶನಿವಾರ ತಿಳಿಸ್ತೀನಿ" ಎಂದಷ್ಟೇ ಹೇಳಿ ಮನೆಯ ಗುರುತು ಕೇಳಿಕೊಂಡಳು. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಮನೆಗೆ ಹೋಗುವ ಕ್ಯಾಸಂಬಳ್ಳಿಯ ಬಸ್ಸಿನಲ್ಲಿ ನಿಂತುಕೊಂಡು ಯೋಚಿಸಿದಳು. ಕನಿಕರ ಅಂದುಕೊಂಡರೆ ಅದು ಪೂರ್ತಿ ಸರಿಯಲ್ಲ. ಎಂಬತ್ತೊಂದರಲ್ಲಿ ಆ ಶೆಡ್ಡಿನಲ್ಲಿ ಮೇಜಿನ ಹಿಂದೆ ಕೂತು ಹಾಳೆ ತುಂಬಿದವಳು ಅವಳೇ.

ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ, ಕೆಲಸಕ್ಕೆ ಸೇರಿ ಹನ್ನೊಂದು ದಿನ. ಆಗಸ್ಟಿನ ಸೆಕೆ, ಶೆಡ್ಡಿನ ತಗಡು ಕಾದು ಟಿಕ್ ಟಿಕ್ ಅನ್ನುತ್ತಿತ್ತು. ಪಾಳಿ ಮುಗಿಸಿ ಬಂದವರು ಸಾಲಾಗಿ ನಿಂತಿದ್ದರು, ಮೈಯೆಲ್ಲ ಬೂದಿ ಬಣ್ಣ, ಕಣ್ಣಿನ ಸುತ್ತ ಮಾತ್ರ ಚರ್ಮದ ಬಣ್ಣ. ಯಂತ್ರ ನೋಡಿಕೊಳ್ಳುವವನು ಚಹಾಕ್ಕೆ ಹೋಗಿದ್ದ. ಸಾಲು ನಿಲ್ಲಬಾರದು ಎಂದು ಅವಳೇ ಎದ್ದು ಹೇಗೆ ಊದಬೇಕೆಂದು ಹೇಳಲು ಹೊರಟಳು. ಮೊದಲು ಉಸಿರು ಎಳಕೊಳ್ಳಿ, ಆಮೇಲೆ ಪೂರ್ತಿ ಬಿಡಿ. ಊರಲ್ಲಿ ತೆಲುಗು ಕೇಳಿ ಬೆಳೆದವಳಿಗೆ ತಮಿಳು ಬರುತ್ತಿರಲಿಲ್ಲ, ಆದರೂ ಇಲ್ಲಿ ತಮಿಳಿನಲ್ಲಿ ಹೇಳಿದರೆ ಮೇಲು ಎಂದು ಕನ್ನಡವನ್ನೇ ತಿರುವಿ ಗಟ್ಟಿಯಾಗಿ ಹೇಳಿದಳು: "ಎಲ್ಲಾರುಂ ಉಸುರ ವಿಡುಂಗ!" ಸಾಲಿನ ಮಧ್ಯದಿಂದ ಒಬ್ಬ, ತೆಳ್ಳಗೆ, ಕೆಮ್ಮುತ್ತಲೇ, "ಅಮ್ಮಾ, ಅದುಕ್ಕುದಾನ್ ದಿನಂ ಕೀಳೇ ಇರಂಗುರೋಂ" ಎಂದ. ಸಾಲಿಗೆ ಸಾಲೇ ನಕ್ಕಿತು. ಒಬ್ಬ ತಗಡಿನ ಗೋಡೆಗೆ ಕೈಯಿಟ್ಟು ಬಗ್ಗಿ ನಕ್ಕ. ಏನಾಯಿತೆಂದು ಅವಳಿಗೆ ತಿಳಿದದ್ದು ಆಮೇಲೆ: ಅವಳು ಎಲ್ಲರಿಗೂ ಪ್ರಾಣ ಬಿಡಿ ಎಂದಿದ್ದಳು, ಅವನು ಅದಕ್ಕಾಗಿಯೇ ತಾನೇ ದಿನಾ ಕೆಳಗೆ ಇಳಿಯುವುದು ಎಂದಿದ್ದ. ಆ ಗಳಿಗೆಯಲ್ಲಿ ತಿಳಿದದ್ದು ತಾನು ನಗೆಪಾಟಲಾದೆ ಎಂಬುದೊಂದೇ. ಕಿವಿ ಬಿಸಿಯಾಗಿ, ಕಣ್ಣು ತುಂಬಿ, ಹಾಳೆಯ ಗೆರೆಗಳು ಒಂದರೊಳಗೊಂದು ಸೇರಿದವು. ಯಂತ್ರದವನು ವಾಪಸ್ಸು ಬಂದು ಒಬ್ಬೊಬ್ಬರನ್ನೇ ಊದಿಸತೊಡಗಿದ. ಅವನು ಸಂಖ್ಯೆ ಕೂಗುತ್ತಿದ್ದ, ಅವಳು ಬರೆಯುತ್ತಿದ್ದಳು. ಹಾಳೆಯ ಕೊನೆಯ ಕಾಲಂ ಅವಳಿಗೆ ಬಿಟ್ಟದ್ದು. ಚೆನ್ನಾಗಿ ಪ್ರಯತ್ನಪಟ್ಟರೆ ಒಂದು, ಬೇಕೆಂದೇ ಪೂರ್ತಿ ಊದದೆ ಇದ್ದರೆ ನಾಲ್ಕು. ಆ ಮನುಷ್ಯನ ಸರದಿ ಬಂದಾಗ ತಾನು ಏನು ಬರೆದೆ? ಅವನ ಹೆಸರು ಆರುಮುಗಂ ಎಂದು ಬರೆದದ್ದು ನೆನಪಿದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ನಾಲ್ಕು ಬರೆದೆನೇ? ಆ ಕಾಲಮಿನ ಮೇಲೆ ಕೈ ನಿಂತದ್ದು ಕಾಣುತ್ತದೆ, ಪೆನ್ನಿನ ತುದಿಯಲ್ಲಿ ಮಸಿ ಗುಂಡಗೆ ನಿಂತದ್ದೂ ಕಾಣುತ್ತದೆ, ಬರೆದ ಅಂಕಿ ಕಾಣುವುದಿಲ್ಲ.

ಬಂಗಾರಪೇಟೆಯ ಕೋಣೆಯಲ್ಲಿ ಬೀರು ತೆಗೆದಾಗ ಒಳಗಿನಿಂದ ಹೊಸ ಚಪ್ಪಲಿ ಅಂಗಡಿಯ ವಾಸನೆಯಂಥದ್ದು ಬಂತು. ಡಬ್ಬಿಗಳು ಪುಸ್ತಕಗಳ ಹಾಗೆ ಅಂಚಿನ ಮೇಲೆ ನಿಂತಿದ್ದವು. ಮಲಗಿಸಿದರೆ ಸುರುಳಿ ಸೊಟ್ಟಗಾಗುತ್ತದೆಂದು ಅವಳೇ ಹಾಗೆ ನಿಲ್ಲಿಸಿದ್ದು. ಒಂದೊಂದಕ್ಕೂ ಸಂಖ್ಯೆ, ತಾರೀಕು, ಸ್ಥಿತಿ. ತುಂಬಿದೆ, ತುಂಬುತ್ತಿದೆ, ಖಾಲಿ. ಈ ಮೂರರಲ್ಲಿ ಯಾವುದೋ ಒಂದು ಸ್ಥಿತಿಯಲ್ಲಿಲ್ಲದ ಡಬ್ಬಿಯೇ ಅವಳ ರಿಜಿಸ್ಟರಿನಲ್ಲಿ ಇಲ್ಲ. ಯಾರಾದರೂ ತಪ್ಪು ಹುಡುಕಲಿ ನೋಡೋಣ ಎಂಬ ಹೆಮ್ಮೆಯೂ ಅವಳಿಗಿತ್ತು. ಪಟ್ಟಿ ಹಿಡಿದು ಹದಿಮೂರು ಡಬ್ಬಿ ಪೆಟ್ಟಿಗೆಗಿಟ್ಟಳು. ಕೋರಮಂಡಲ್, ಆಗಸ್ಟ್ ಎಂಬತ್ತೊಂದು, ಎರಡನೆಯ ವಾರ ಎಂದಿದ್ದ ಮೂವತ್ತೊಂದನ್ನು ಮಾತ್ರ ಕೈಯಲ್ಲೇ ಹಿಡಿದು ಕಿಟಕಿಯ ಬಳಿ ಹೋದಳು. ಮುಚ್ಚಳ ತಿರುಗಿಸಿ ತೆಗೆದಳು. ಕಂದು ಬಣ್ಣದ ಪಟ್ಟಿ, ಒಂದರ ಮೇಲೊಂದು ಸುತ್ತು, ಮೇಲಿನ ಸುತ್ತಿನಲ್ಲಿ ಅವಳ ಮುಖದ ಒಂದು ಮಸುಕು ಗೆರೆ. ಎಷ್ಟು ದಿಟ್ಟಿಸಿದರೂ ಅಕ್ಷರವಿಲ್ಲ, ಗುರುತಿಲ್ಲ. ಎಷ್ಟು ಜನರ ಉಸಿರು ಇದರ ಮೇಲಿದೆಯೋ, ಇಲ್ಲದಿದ್ದರೂ ಹೀಗೇ ಕಾಣುತ್ತಿತ್ತು. ಅವಳಿಗೆ ಇನ್ನೊಂದು ವಿಷಯ ವಿಚಿತ್ರವಾಗಿ ತೋರಿತು. ತಾನು ರಿಜಿಸ್ಟರಿನಲ್ಲಿ ಖಾಲಿ ಎಂದು ಬರೆದ ಕೂಡಲೇ ಇದೇನೂ ಖಾಲಿಯಾಗುವುದಿಲ್ಲ. ಮೇಲೆ ಇನ್ನೊಂದು ಬರೆಯುವ ತನಕ ಒಳಗಿದ್ದದ್ದು ಒಳಗೇ ಇರುತ್ತದೆ, ಯಾರೂ ಕೇಳುವುದಿಲ್ಲ ಅಷ್ಟೆ. ನಾಳೆ ಮಧ್ಯಾಹ್ನದ ಹೊತ್ತಿಗೆ ಮೇಲೆ ಬರೆದಾಗಿರುತ್ತದೆ. ಆದೇಶವಿದೆ, ಸಹಿಯಿದೆ, ಪಟ್ಟಿಯಿದೆ. ಅವಳು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಟೇಪು ಹಳೆಯದಾಗಿತ್ತಮ್ಮ, ಅಳಿಸಿಹೋಯಿತು ಎಂದರೆ ಕನಕಮ್ಮ ಎದ್ದು ಹೋಗುತ್ತಾಳೆ. ಹಾಗೆ ಯೋಚಿಸುತ್ತಲೇ ಅವಳ ಬೆರಳು ಸುರುಳಿಯ ಹಿಂಬದಿಯ ಪ್ಲಾಸ್ಟಿಕ್ ಬಳೆಯನ್ನು ಹುಡುಕಿತು. ಆ ಬಳೆ ಇದ್ದರೆ ಮಾತ್ರ ಯಂತ್ರ ಟೇಪಿನ ಮೇಲೆ ಬರೆಯುತ್ತದೆ, ತೆಗೆದರೆ ಓದುತ್ತದೆಯೇ ಹೊರತು ಬರೆಯುವುದಿಲ್ಲ. ಉಗುರು ಹಾಕಿ ಎಳೆದಳು. ಟಪ್ ಎಂದು ಕಿತ್ತು ಬಂತು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಾಗಲೂ ತಾನು ತೀರ್ಮಾನ ಮಾಡಿದ್ದೇನೆಂದು ಅವಳಿಗೆ ಅನ್ನಿಸಲಿಲ್ಲ. ನೋಡಬೇಕು, ಅಷ್ಟೆ. ಒಳಗೆ ಏನಿದೆ ಎಂದು ನೋಡದೆ ಇರಲಾರೆ.

ಯಂತ್ರ ನಡೆಸುವ ಆಂಜಿನಪ್ಪ ಕಾಮಸಮುದ್ರದ ಕಡೆಯವನು, ಅವಳಿಗಿಂತ ಚಿಕ್ಕವನು, ಯಾವ ಕೆಲಸಕ್ಕೂ ಮೊದಲು ಬೇಡ ಅಂದು ಆಮೇಲೆ ಮಾಡುವವನು. ಕೋರಮಂಡಲ್ ಆಫೀಸಿಗೆ ವಾಪಸ್ಸಾದ ಮೇಲೆ, ಜಯರಾಮಪ್ಪ ಊಟಕ್ಕೆ ಹೋದ ಹೊತ್ತು ನೋಡಿ ಅವಳು ಮೂವತ್ತೊಂದನ್ನು ಅವನ ಮುಂದಿಟ್ಟಳು.

"ಇದ್ನ ಓದ್ಸಿ ಒಂದು ಹಾಳೆ ತೆಗಿ ಆಂಜಿನಪ್ಪ. ಅಳ್ಸೋಕೆ ಮುಂಚೆ."

"ಏನಕ್ಕಾ ನೀನು! ನಾಳೆ ಅಳ್ಸೋದ್ನ ಇವತ್ತು ಓದಿ ಏನು ಮಾಡ್ತೀಯಾ? ಸಾರ್‌ಗೆ ಗೊತ್ತಾದ್ರೆ ನನ್ನ ತಲೆ ತಿಂತಾರೆ."

"ಏಳು ವರ್ಷದಿಂದ ನಾವು ಇಟ್ಟಿರೋದು ಇಟ್ಟಂಗೇ ಐತಾ ಅಂತ ನಿನಗೆ ನೋಡ್ಬೇಕು ಅನ್ನಿಸಿಲ್ವಾ?"

ಅವನು ಅವಳ ಮುಖ ನೋಡಿದ. ಆ ಪ್ರಶ್ನೆ ಅವನಿಗೂ ತಾಗಿತು ಅಂತ ಕಾಣುತ್ತದೆ. ಸುರುಳಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಪಟ್ಟಿಯ ತುದಿ ಎಳೆದು ಖಾಲಿ ಚಕ್ರಕ್ಕೆ ಸುತ್ತಿ ಗುಂಡಿ ಒತ್ತಿದ. ಟೇಪು ಒಂದು ಗೇಣು ಹೋಯಿತು, ಕೀರಲು ದನಿ ತೆಗೆಯಿತು, ನಿಂತಿತು. ಪರದೆಯ ಮೇಲೆ ಓದಲಾಗುತ್ತಿಲ್ಲ ಎಂದು ಬಂತು. ಮತ್ತೆ ಹಾಕಿದ, ಮತ್ತೆ ಅದೇ. "ಓಯ್ತಕ್ಕಾ, ಉದುರೋಗೈತೆ ನೋಡು" ಎಂದು ಬೆರಳು ತೋರಿಸಿದ. ಬೆರಳ ತುದಿಯಲ್ಲಿ ಕಂದು ಪುಡಿ ಅಂಟಿಕೊಂಡಿತ್ತು. ಅವಳಿಗೆ ಒಂದು ಗಳಿಗೆ ಎದೆ ಹಗುರವಾಯಿತು, ಅಷ್ಟು ಹಗುರವಾದದ್ದಕ್ಕೆ ನಾಚಿಕೆಯಾಯಿತು. "ಸ್ಪಿರಿಟ್ ಹಾಕಿ ಒರ್ಸು" ಎಂದಳು. ಅವನು ಹತ್ತಿ ಅದ್ದಿ ಯಂತ್ರದ ಓದುವ ಮೂತಿಯನ್ನು ತಿಕ್ಕಿದ. ಹತ್ತಿ ಕಾಫಿ ಬಣ್ಣಕ್ಕೆ ತಿರುಗಿತು. ಮೂರನೆಯ ಸಲ ಟೇಪು ಹಿಂಜರಿಯುತ್ತ ಹಿಂಜರಿಯುತ್ತ ಹೋಗಿ, ಆಮೇಲೆ ಒಮ್ಮೆಲೇ ಸರಾಗ ಓಡತೊಡಗಿತು. ಮುದ್ರಣ ಯಂತ್ರ ಕಿರುಚಿ ಎದ್ದಿತು. ಅಗಲ ಕಾಗದ ಮಡಿಕೆ ಮಡಿಕೆಯಾಗಿ ನೆಲಕ್ಕಿಳಿಯಿತು.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಓದಿದಳು. ಹೆಸರು, ವಯಸ್ಸು, ಮೂರು ಸಲ ಊದಿದ್ದಕ್ಕೆ ಮೂರು ಸಂಖ್ಯೆ, ಕೊನೆಗೆ ಗುರುತು. ಆರುಮುಗಂ, ನಲವತ್ತಮೂರು. ಒಂದು ಪಾಯಿಂಟ್ ನಾಲ್ಕು ಲೀಟರು, ಮತ್ತೆ ಒಂದು ಪಾಯಿಂಟ್ ನಾಲ್ಕು, ಒಂದು ಪಾಯಿಂಟ್ ಮೂರು. ಗುರುತು ನಾಲ್ಕು. ಹಾಗಾದರೆ ಬರೆದಿದ್ದೇನೆ. ಆ ವಯಸ್ಸಿನ ಗಂಡಸು ಮೂರೂವರೆ ಲೀಟರಾದರೂ ಊದಬೇಕು. ಕಳ್ಳಾಟ ಆಡುವವನು ಒಂದು ಸಲ ಎರಡು, ಒಂದು ಸಲ ಒಂದು, ಹೀಗೆ ಹೆಚ್ಚು ಕಮ್ಮಿ ಮಾಡುತ್ತಾನೆ. ಮೂರು ಸಲವೂ ಅಷ್ಟಷ್ಟೇ ಊದುವುದು ಬೇಕೆಂದರೂ ಸಾಧ್ಯವಿಲ್ಲ, ಮೂರೂ ಬಹುಪಾಲು ಒಂದೇ ಬಂದರೆ ಎದೆಯಲ್ಲಿರುವುದೇ ಅಷ್ಟು. ಇದನ್ನು ಅವಳು ಆಮೇಲಿನ ವರ್ಷಗಳಲ್ಲಿ ಕಲಿತಿದ್ದಳು, ಹೊಸಬರಿಗೆ ಕಲಿಸಿಯೂ ಇದ್ದಳು. ಕಣ್ಣು ಒಂದು ಸಾಲು ಕೆಳಗೆ ಜಾರಿತು. ಅಲ್ಲೂ ನಾಲ್ಕು. ಅದರ ಕೆಳಗೂ ನಾಲ್ಕು. ಅವಳು ಬೆರಳಿಟ್ಟು ಎಣಿಸಿದಳು. ಆರುಮುಗಂನಿಂದ ಹಿಡಿದು ಆರು ಜನಕ್ಕೆ ಸಾಲಾಗಿ ನಾಲ್ಕು. ಆರೂ ಜನರ ಮೂರು ಮೂರು ಸಂಖ್ಯೆಗಳೂ ಒಂದಕ್ಕೊಂದು ಹತ್ತಿರವೇ ಇದ್ದವು. ಏಳನೆಯವನಿಂದ ಮತ್ತೆ ಒಂದು, ಒಂದು, ಒಂದು, ಹಾಳೆಯ ಕೊನೆಯವರೆಗೆ. ಒಬ್ಬನ ಮೇಲಲ್ಲ. ತನ್ನ ನೆನಪು ಆ ಒಬ್ಬನನ್ನು ಮಾತ್ರ ಇಟ್ಟುಕೊಂಡು, ಅವನ ಬಗ್ಗೆಯೂ ಇದೆಯೋ ಇಲ್ಲವೋ ಎಂದು ಮಸುಕು ಮಾಡಿ, ಉಳಿದ ಐವರನ್ನು ಪೂರ್ತಿ ಕೈಬಿಟ್ಟಿತ್ತು. ಗೋಡೆಗೆ ಕೈಯಿಟ್ಟು ಬಗ್ಗಿ ನಕ್ಕವನು ಇವರಲ್ಲಿ ಯಾರು? ಎಷ್ಟು ಹೊತ್ತು ಸಿಟ್ಟಿತ್ತು ತನಗೆ? ಆರು ಜನ ಊದುವಷ್ಟು ಹೊತ್ತು, ಇಪ್ಪತ್ತು ನಿಮಿಷವಿದ್ದೀತು. ಅದನ್ನು ಏಳು ವರ್ಷ ಧೂಳು ತಾಗದಂತೆ, ಬಿಸಿಲು ಬೀಳದಂತೆ, ಅಂಚಿನ ಮೇಲೆ ನಿಲ್ಲಿಸಿ ಕಾದಿದ್ದಾಳೆ.

"ಏನಕ್ಕಾ, ಸರಿಯಾಗೈತಾ?" ಎಂದ ಆಂಜಿನಪ್ಪ.

"ಎಲ್ಲ ಐತೆ," ಎಂದಳು. "ಒಂದೂ ಓಗಿಲ್ಲ."

ಜಯರಾಮಪ್ಪ ಬಂದಾಗ ಅವಳು ಹಾಳೆಯನ್ನು ಅವರ ಮೇಜಿನ ಮೇಲೆ ಹರಡಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವರು ಬಯ್ಯಲಿಲ್ಲ. ಹಾಳೆಯನ್ನು ಮಡಿಕೆಯ ಪ್ರಕಾರವೇ ಮಡಿಸುತ್ತ ಮೆಲ್ಲಗೆ, "ನೋಡಮ್ಮ, ಎಂಬತ್ತಮೂರರಲ್ಲೇ ವರದಿ ಅಚ್ಚಾಗಿ ಹೋಗಿದೆ. ನಾಲ್ಕು ಗುರುತು ಬಿದ್ದೋರನ್ನ ಲೆಕ್ಕದಿಂದ ಬಿಟ್ಟರು. ಎಕ್ಸ್‌ರೇಗೂ ಅವರನ್ನ ಕರೀಲಿಲ್ಲ. ಈಗ ಎತ್ತಿದ್ರೆ ಏನು ಬಂತು?" ಎಂದರು.

"ಎಕ್ಸ್‌ರೇಗೆ ಕರೀಲಿಲ್ವಾ ಸಾರ್?"

"ಬೇಕೂಂತ ಊದದೋರನ್ನ ಯಾಕೆ ಕರೀತಾರೆ?"

ಅದು ಅವಳಿಗೆ ಗೊತ್ತಿರಲಿಲ್ಲ. ಕೊನೆಯ ಕಾಲಮಿನ ಆಚೆ ಏನಿತ್ತೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಆರುಮುಗಂ ಆಮೇಲೂ ಐದು ವರ್ಷ ಕೆಳಗಿಳಿದಿದ್ದ.

"ನಾಳೆ ಶನಿವಾರ, ಸರ್ವೆ ಡಾಕ್ಟರಮ್ಮ ಬರೋ ದಿನ. ಅವರ ಮುಂದೆ ಇದನ್ನ ತೆಗೀಬೇಡ. ನಿನ್ನ ಕೆಲಸ ಹೋಗುತ್ತೆ, ನನಗೂ ನೋಟೀಸು ಬರುತ್ತೆ. ಪಟ್ಟಿ ಪ್ರಕಾರ ಹದಿನಾಲ್ಕನ್ನೂ ಖಾಲಿ ಮಾಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು." ಅವರು ನಿಜವಾಗಿಯೂ ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದರು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಸಂಜೆ ಕ್ಯಾಸಂಬಳ್ಳಿಯಲ್ಲಿ ಗಂಡ ರಾಮಚಂದ್ರಪ್ಪ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಹೇಳಿದಳು. ಅವನು ಕೆಚ್ಚಲಿನಿಂದ ಕೈ ತೆಗೆಯಲಿಲ್ಲ. ಕರೆಯುತ್ತಲೇ, "ಅವ್ರು ನಕ್ಕಿದ್ಕಾ ಅಂಗೆ ಬರ್ದೆ?" ಎಂದ. "ಊಂ" ಎಂದಳು. "ನಾನೂ ನಗ್ತೀನಿ ಒಂದೊಂದು ಸಲ ನಿನ್ನ ನೋಡಿ. ನನ್ಗೇನು ಬರ್ದಿದೀಯೋ," ಎಂದ. ತಮಾಷೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನ ಮುಖ ಹಸುವಿನ ಹೊಟ್ಟೆಗೆ ಒತ್ತಿಕೊಂಡಿತ್ತು. ಪಾತ್ರೆ ಎತ್ತಿಕೊಂಡು ಎದ್ದವನು, "ಆ ಯಮ್ಮಂಗೆ ಏನಂತ ಏಳ್ತೀಯಾ?" ಎಂದ.

ಶನಿವಾರ ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ಹದಿಮೂರು ಡಬ್ಬಿಗಳ ಮುಂದೆ ಖಾಲಿ ಎಂದು ಬರೆದು ಆಂಜಿನಪ್ಪನಿಗೆ ಕೊಟ್ಟಳು. ಮೂವತ್ತೊಂದರ ಮುಂದೆ ತಡೆಹಿಡಿದಿದೆ ಎಂದು ಬರೆದಳು. ಅಂಥ ಸ್ಥಿತಿಯೇ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಕಾರಣದ ಜಾಗದಲ್ಲಿ, ಆರು ಗುರುತುಗಳು ತಪ್ಪು, ಬರೆದವಳು ನಾನು ಎಂದು ಬರೆದು ಪೂರ್ತಿ ಹೆಸರು ಸಹಿ ಮಾಡಿದಳು. ಮಸಿ ಆರುವ ತನಕ ಕಾದು, ರಿಜಿಸ್ಟರನ್ನು ಜಯರಾಮಪ್ಪನವರ ಮೇಜಿನ ಮೇಲೆ ತೆರೆದೇ ಇಟ್ಟು, ಆರು ಹೆಸರನ್ನು ಒಂದು ಚೀಟಿಗೆ ಇಳಿಸಿಕೊಂಡು ಹೊರಟಳು.

ಕನಕಮ್ಮನ ಮನೆ ಗಣಿ ಕೆಲಸಗಾರರ ಸಾಲುಮನೆಗಳ ಲೈನುಗಳಲ್ಲೊಂದರ ಕೊನೆಯ ಬಾಗಿಲು. ಎಲ್ಲ ಮನೆಯೂ ಒಂದೇ ಅಳತೆ, ಒಂದೇ ತಗಡು. ಅವಳು ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಮೊರ ಸರಿಸಿ ಜಾಗ ಮಾಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಆ ಮೊರ ಸರಿದ ಸದ್ದಿಗೇ ಚೆದರಿಹೋದವು.

"ನಡಿಪ್ಪಲ್ಲಮ್ಮ," ಎಂದಳು ಗಂಗರತ್ನಮ್ಮ. "ಮೂರು ಸಲನೂ ಒಂದೇ ತರ ಊದವ್ರೆ. ಅಷ್ಟೇ ಇದ್ದಿದ್ದು ಅವ್ರ ಎದೆಯಾಗೆ. ನಡಿಪ್ಪು ಮಾಡೋರಿಗೆ ಅಂಗೆ ಊದೋಕಾಗಲ್ಲ. ಆದ್ರೆ ಕಾಗದದಾಗೆ ಬೇಕೂಂತ ಊದಿಲ್ಲ ಅಂತ ಬರ್ದೈತೆ. ಅದ್ನ ಬರ್ದೋಳು ನಾನು. ಅವ್ರು ನನ್ನ ತಮಿಳ್ ಕೇಳಿ ನಕ್ಕಿದ್ರು, ಅದ್ಕೇ ಬರ್ದೆ. ಅದ್ರಿಂದ್ಲೇ ಅವ್ರನ್ನ ಎಕ್ಸ್‌ರೇಗೆ ಕರೀಲಿಲ್ಲ."

ಕನಕಮ್ಮ ಅಕ್ಕಿಯೊಳಗೆ ಬೆರಳಾಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಕಲ್ಲು ಸಿಕ್ಕಿತು, ಎತ್ತಿ ಹೊರಗೆ ಎಸೆದಳು. ಇನ್ನೊಂದು. ಬಯ್ಯಲಿ, ಜುಟ್ಟು ಹಿಡಿದು ಎಳೆಯಲಿ ಎಂದು ಗಂಗರತ್ನಮ್ಮ ಕಾದಳು. ಎದುರು ಮನೆಯ ರೇಡಿಯೋದಲ್ಲಿ ಯಾರೋ ಗೊಬ್ಬರದ ವಿಷಯ ಹೇಳುತ್ತಿದ್ದರು.

"ನಡಿಪ್ಪೇ ಅಂತ ಏಳ್ಬೋದಿತ್ತಲ್ಲಮ್ಮ ನೀನು," ಎಂದಳು ಕನಕಮ್ಮ ಕೊನೆಗೆ, ತೀರ ಸಣ್ಣ ದನಿಯಲ್ಲಿ. "ಏಳಿದ್ರೆ ನಾನು ನಿದ್ದೆ ಮಾಡ್ತಿದ್ದೆ. ಕೊನೇಲಿ ಎಂಟು ದಿನ ಗೋಡೆ ಇಡ್ಕೊಂಡು ಎದ್ದು ಅವ್ರೇ ನೀರು ಕುಡುದ್ರು. ನಾನು ನೋಡ್ತಾ ಕೂತಿದ್ದೆ, ಇಲ್ಲೇ."

ಕ್ಷಮಿಸು ಎಂಬ ಮಾತು ಗಂಗರತ್ನಮ್ಮನ ಬಾಯಿಗೆ ಬಂದು, ಇಲ್ಲಿ ಅದನ್ನು ಕೇಳುವುದು ಇನ್ನೊಂದು ಸಾಲ ಕೇಳಿದ ಹಾಗಾಗುತ್ತದೆ ಅನ್ನಿಸಿ ಹಿಂದಕ್ಕೆ ಹೋಯಿತು. ಅವಳೂ ಮೊರಕ್ಕೆ ಕೈಹಾಕಿದಳು. ಇಬ್ಬರೂ ಒಂದೇ ಮೊರದಲ್ಲಿ ಸ್ವಲ್ಪ ಹೊತ್ತು ಕಲ್ಲು ಹುಡುಕಿದರು. ಕನಕಮ್ಮ ಬೇಡ ಅನ್ನಲಿಲ್ಲ.

"ಅವ್ರೊಬ್ರಿಗೇನಾ ಬರ್ದಿದ್ದು?" ಎಂದು ಅವಳು ಕೇಳಿದಾಗ ಗಂಗರತ್ನಮ್ಮ ಚೀಟಿ ತೆಗೆದು ಓದಿದಳು. ಒಂದೊಂದು ಹೆಸರಿಗೂ ಕನಕಮ್ಮ ತಲೆಯೆತ್ತದೆ ಹೇಳುತ್ತ ಹೋದಳು. ಅವನು ಸತ್ತು ಮೂರು ವರ್ಷವಾಯಿತು. ಅವನು ಊರಿಗೆ ಹೋದವನು ಸುದ್ದಿಯಿಲ್ಲ. ಅವನೂ ತೀರಿಕೊಂಡ. ಅವನು ಮಾರಿಕುಪ್ಪಂನಲ್ಲಿದ್ದ, ಈಗ ಇದ್ದಾನೋ ಇಲ್ಲವೋ. ಕೊನೆಯ ಹೆಸರು ಪೆರುಮಾಳ್. ಆ ಹೆಸರಿಗೆ ಮಾತ್ರ ಅವಳ ಕೈ ನಿಂತಿತು.

"ಪೆರುಮಾಳ್ ಅವ್ನೆ. ಮೂರು ಲೈನ್ ಆಚೆಗೆ. ಅವನ್ಗೂ ನಡಿಪ್ಪು ಅಂತಾನೇ ಏಳ್ತಾರೆ." ಮೊರವನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡು ಬಂದಳು. "ಇವತ್ತು ನಿಮ್ಮ ಡಾಕ್ಟರಮ್ಮ ಬರ್ತಾರಲ್ಲ?"

"ಒಂದು ಗಂಟೆ ತನಕ ಇರ್ತಾರೆ."

"ಎದ್ದೇಳು ಮತ್ತೆ. ಕೂತ್ಕೊಂಡ್ರೆ?"

ಪೆರುಮಾಳ್ ಮನೆಯ ಮುಂದಿನ ಬೇವಿನ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ. ಐವತ್ತಕ್ಕೆ ಎಪ್ಪತ್ತರಂತೆ ಕಾಣುತ್ತಿದ್ದ, ಭುಜಗಳು ಕಿವಿಯ ತನಕ ಎದ್ದು ನಿಂತಿದ್ದವು. ಕನಕಮ್ಮ ತಮಿಳಿನಲ್ಲಿ ಅವನಿಗೆ ಏನೇನೋ ಹೇಳಿದಳು. ಅವನು ಗಂಗರತ್ನಮ್ಮನ ಕಡೆ ನೋಡಿದ, ಗುರುತು ಹಿಡಿಯಲಿಲ್ಲ. "ಈಗ ಯಾಕೆ?" ಎಂದ, ಎರಡೇ ಮಾತಿಗೆ ನಡುವೆ ಒಂದು ಉಸಿರು ಎಳೆದುಕೊಂಡು. ಮೊದಲ ಸಲ ತಪ್ಪಾಗಿ ಬರೆದಿದ್ದೇನೆ, ಇನ್ನೊಂದು ಸಲ ಊದಬೇಕು, ಈ ಸಲ ಎಕ್ಸ್‌ರೇಗೂ ಕಳಿಸಬೇಕು ಎಂದಳು ಗಂಗರತ್ನಮ್ಮ. ಕನ್ನಡದಲ್ಲೇ ಹೇಳಿದಳು. ಅವನು ಕನಕಮ್ಮನ ಮುಖ ನೋಡಿದ, ಆಮೇಲೆ ಮರಕ್ಕೆ ಕೈಯೂರಿ ಎದ್ದ.

ಆಫೀಸಿಗೆ ಅಲ್ಲಿಂದ ಅರ್ಧ ಮೈಲಿ, ಸಣ್ಣ ಏರು. ಮೂವರೂ ಹೊರಟರು. ಹತ್ತು ಹೆಜ್ಜೆಗೆ ಪೆರುಮಾಳ್ ನಿಂತ. ಗಂಗರತ್ನಮ್ಮ ಮುಂದೆ ಹೋಗಿಬಿಟ್ಟಿದ್ದವಳು ತಿರುಗಿ ನೋಡಿದಳು. ಅವನ ಕಣ್ಣು ನೆಲದ ಮೇಲಿತ್ತು, ನಿಂತದ್ದಕ್ಕೆ ನಾಚಿಕೊಂಡವನ ಹಾಗೆ. ಕನಕಮ್ಮ ಆಗ ಎಲ್ಲಿಲ್ಲದ ನರಳಿಕೆ ತೆಗೆದು, "ಅಯ್ಯೋ, ನನ್ ಕಾಲು!" ಎಂದು ಮೋರಿಯ ಕಟ್ಟೆಯ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು. ಪೆರುಮಾಳ್ ಉಸಿರು ಕೂಡಿಸಿಕೊಳ್ಳುವ ತನಕ ಒತ್ತಿಕೊಂಡೇ ಇದ್ದಳು, ಆಮೇಲೆ ಎದ್ದಳು. ಇನ್ನು ಹತ್ತು ಹೆಜ್ಜೆಗೆ ಅವನು ಮತ್ತೆ ನಿಂತಾಗ, ಗಂಗರತ್ನಮ್ಮ ಚಪ್ಪಲಿ ಬಿಟ್ಟು ಬಗ್ಗಿ, ಇಲ್ಲದ ಮುಳ್ಳನ್ನು ಅಂಗಾಲಿನಲ್ಲಿ ಹುಡುಕತೊಡಗಿದಳು.